ಊರೆಲ್ಲ ಓಡಾಡಿದ ಅಮ್ಮನ ಸೈಕಲ್ಲು

ಒಂದಾನೊಂದು ಕಾಲ. ತೀರ ಹಳೆಯ ಕಾಲವೇನಲ್ಲ, ಸೈಕಲ್ಲಿಗೆ ಗೇರು ಬಂದ ಮೇಲಿನ ಕಾಲ. ಒಂದು ಊರು, ಊರಿಗೊಂದು ನದಿ, ನದಿಗೊಂದು ಸೇತುವೆ, ಸೇತುವೆಯ ಈಚೆ ತುದಿಗೊಂದು ಸೈಕಲ್ ರಿಪೇರಿ ಅಂಗಡಿ. ಅಂಗಡಿಯೊಡತಿಗೆ ಊರವರಿಟ್ಟ ಹೆಸರು ಸ್ಪ್ಯಾನರಕ್ಕ. ಹೂಂಗುಟ್ಟುವವರಿದ್ದರೆ ಕಥೆ ಮುಂದೆ ಹೋಗುತ್ತದೆ.

ಅವಳ ಅಂಗಡಿಗಿದ್ದದ್ದು ಒಂದೇ ಕಾನೂನು: ಎದುರಿಗೆ ನಿಂತವರ ಗಾಡಿ ಮೊದಲು, ಬಿಟ್ಟು ಹೋದವರದು ಆಮೇಲೆ. ಹಾಗಾಗಿ ಜನ ಬಂದು ಸೊಂಟದ ಮೇಲೆ ಕೈಯಿಟ್ಟು, ಅವಳ ನೆತ್ತಿಯನ್ನೇ ದಿಟ್ಟಿಸುತ್ತ ನಿಂತುಬಿಡುತ್ತಿದ್ದರು. ಪಾಪ, ಆ ನೆತ್ತಿಗೆ ಮೇಲೇಳಲು ಪುರುಸೊತ್ತೇ ಇರುತ್ತಿರಲಿಲ್ಲ.

ಹಿಂದಿನ ಗೋಡೆಗೆ ನೇತುಹಾಕಿದ್ದ ಹಸಿರು ಸೈಕಲ್ಲು ಮಾತ್ರ ಯಾವ ಗಿರಾಕಿಯದೂ ಅಲ್ಲ. ಅದು ಅವಳ ಅಮ್ಮನದು, ಕಲಿಯಲೆಂದೇ ಕೊಂಡದ್ದು.

"ನಂಗೆ ಸೈಕಲ್ ಕಲಿಸೇ," ಅಂದಿದ್ದಳು ಅಮ್ಮ.

ಸೇತುವೆಯಾಚೆ ಅಮ್ಮನ ಅಕ್ಕನ ಮನೆ. ಚಿಕ್ಕವರಿದ್ದಾಗ ಇಬ್ಬರೂ ಅಣ್ಣನ ಸೈಕಲ್ಲು ಕದ್ದು ಕಲಿಯಲು ಹೋಗಿ, ಚರಂಡಿಗೆ ಬಿದ್ದು, ಮನೆಯಲ್ಲಿ ಬೈಸಿಕೊಂಡು, ಆಸೆಯನ್ನು ಮಡಿಚಿ ಒಳಗಿಟ್ಟಿದ್ದರು. ಈಗ ಅಕ್ಕನ ಕಣ್ಣು ಮಂಜಾಗುತ್ತಿತ್ತು. ಅದು ಆಪರೇಷನ್ನಿಗೆ ಬಗ್ಗುವ ಮಂಜಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು.

"ಪೂರ್ತಿ ಕಾಣದೇ ಹೋಗೋದ್ರೊಳಗೆ ನಾನು ಸೈಕಲ್ ಮೇಲೆ ಬರೋದನ್ನ ಅವಳು ನೋಡ್ಬೇಕು. ಅಷ್ಟೇ ಕಣೇ."

"ಅಷ್ಟೇ ತಾನೆ? ಮಾತು ಕೊಟ್ಟೆ. ಈ ಭಾನುವಾರ ಶುರು," ಅಂದಿದ್ದಳು ಮಗಳು, ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತ.

ಭಾನುವಾರಗಳು ಬಂದವು, ಕಣ್ಣುಮುಚ್ಚಾಲೆ ಆಡಿ ಹೋದವು. ನಡುವೆ ಒಂದು ದಿನ ಹಾಲಿನವನ ಪೆಡಲು ಮುರಿಯಿತು. ಹೊಸದು ಅಂಗಡಿಯಲ್ಲಿರಲಿಲ್ಲ. ಸ್ಪ್ಯಾನರಕ್ಕ ಹಸಿರು ಸೈಕಲ್ಲಿನದನ್ನು ಬಿಚ್ಚಿ ಹಾಕಿದಳು. ಅಮ್ಮನಿಗೇನು ಅವಸರ, ನಾಳೆ ತರಿಸಿದರಾಯಿತು. ಆಮೇಲೆ ಪೇಪರಿನವಳಿಗೆ ಚೈನು ಹೋಯಿತು. ಲೆಕ್ಕದ ಮೇಷ್ಟ್ರಿಗೆ ಬ್ರೇಕು. ಅವಸರಕ್ಕೆ ಬಾಯಿಯಿರುತ್ತದೆ, ಬಂದು ಬಾಗಿಲಲ್ಲಿ ಕೂಗುತ್ತದೆ. ಗೋಡೆಗೆ ನೇತುಬಿದ್ದದ್ದು ಎಲ್ಲಿ ಕೂಗೀತು?

ಒಂದು ಶನಿವಾರ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಅಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಮ್ಮಾ, ಬೀಗದ ಕೈ ಮರೆತ್ಯಾ?"

"ನಾನು ಗಿರಾಕಿ. ಎದುರಿಗೆ ನಿಂತೋರದ್ದು ಮೊದಲು ತಾನೆ? ನಿಂತಿದೀನಿ."

"ತಮಾಷೆ ಸಾಕು, ಜನ ಕಾಯ್ತಿದಾರೆ."

"ನಾನೂ ಜನಾನೇ." ಅಮ್ಮನ ದನಿ ತಗ್ಗಿತು. "ನಿನ್ನೆ ನಿನ್ನ ದೊಡ್ಡಮ್ಮ ಬಾಗಿಲು ತೆಗೆದು, ನನ್ನ ಮುಖ ನೋಡಿ, ಯಾರು ಬೇಕಿತ್ತು ಅಂತ ಕೇಳಿದ್ಲು. ನಾನು ಮಾತಾಡಿದ ಮೇಲೇ ಗೊತ್ತಾಗಿದ್ದು."

ಸ್ಪ್ಯಾನರಕ್ಕ ಎದ್ದಳು. ಹಸಿರು ಸೈಕಲ್ಲನ್ನು ಕೆಳಗಿಳಿಸಿ ಬೆಳಕಿಗೆ ತಂದಳು. ಒಂದೊಂದಾಗಿ ಬಿಚ್ಚುವಾಗ ಕಾಣದ್ದು ಈಗ ಒಟ್ಟಿಗೆ ಕಂಡಿತು. ಉಳಿದದ್ದು ಎರಡು ಚಕ್ರ, ಒಂದು ಪೆಡಲು, ಸೀಟು, ಒಂದಿಷ್ಟು ಕೊಳವೆ, ಒಂದು ಗಂಟೆ.

"ಇದೇನೇ, ಇಲಿ ತಿಂದ್ವಾ?"

"ನಾನೇ ತಿಂದೆ ಕಣಮ್ಮಾ," ಎಂದಳು ಮಗಳು. ಮುಖ ಗ್ರೀಸಿನಷ್ಟು ಕಪ್ಪಾಗಿತ್ತು. ಆಮೇಲೆ ಸಾಲಿನತ್ತ ತಿರುಗಿದಳು. "ಹಾಲಪ್ಪಾ, ಆ ಎಡಗಡೆ ಪೆಡಲು ಬಿಚ್ತೀನಿ. ಸೋಮವಾರ ಹೊಸದು ಹಾಕ್ಕೊಡ್ತೀನಿ."

"ಅಕ್ಕಾ, ಒಂಟಿ ಕಾಲಲ್ಲಿ ಹಾಲು ಹಾಕ್ಲಾ?"

"ಕೊಕ್ಕರೆ ನಿಲ್ಲಲ್ವಾ? ಮೇಷ್ಟ್ರೇ, ನಿಮ್ಮ ಬ್ರೇಕು."

"ಇಳಿಜಾರಲ್ಲಿ ನನ್ನ ಗತಿ ಏನಮ್ಮಾ?" ಅಂದರು ಮೇಷ್ಟ್ರು.

"ತಳ್ಕೊಂಡು ಹೋಗಿ. ಹೊಟ್ಟೆನೂ ಸ್ವಲ್ಪ ಕಳೀಬಹುದು."

ಸಾಲಿನಲ್ಲಿ ನಗು ಹೊಮ್ಮಿತು. ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡರು. ಎಲ್ಲರೂ ನಗಲಿಲ್ಲ; ಇಬ್ಬರು ಗೊಣಗುತ್ತ ಬೇರೆ ಅಂಗಡಿಯ ದಾರಿ ಹಿಡಿದರು. ಒಳ್ಳೆಯ ಗಿರಾಕಿಗಳು. ಅವರನ್ನು ವಾಪಸ್ ಕರೆಯುವ ಮಾತು ಸ್ಪ್ಯಾನರಕ್ಕನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಪೇಪರಿನವಳ ಮನೆಗೆ ಓಡಿ ಚೈನು ತಂದಳು. ಸೈಕಲ್ಲು ಸೈಕಲ್ಲಿನಂತಾದ ಮೇಲೆ ಅಂಗಡಿಯ ಬಾಗಿಲು ಎಳೆದಳು. ಅಂದಿನಿಂದ, ಅಮ್ಮ ಕಲಿಯುವವರೆಗೂ, ಮಧ್ಯಾಹ್ನದ ಮೇಲೆ ಆ ಬಾಗಿಲು ತೆರೆಯಲಿಲ್ಲ.

ಕಲಿಕೆ ನದಿ ಪಕ್ಕದ ಬಯಲಿನಲ್ಲಿ ನಡೆಯಿತು. ಅಮ್ಮ ಬಿದ್ದಳು, ಎದ್ದಳು, ಬೇಲಿಯನ್ನು ತಬ್ಬಿಕೊಂಡಳು, ಮೇಯುತ್ತಿದ್ದ ಕುದುರೆಯನ್ನು ಹೆದರಿಸಿದಳು.

"ಮುಂದೆ ನೋಡಮ್ಮಾ, ಚಕ್ರ ನೋಡ್ಬೇಡ."

"ಇದೆಯೋ ಇಲ್ವೋ ಅಂತ ನೋಡ್ತಿದೀನಿ. ನಿನ್ನನ್ನ ನಂಬೋಕಾಗುತ್ತಾ?"

ಮಗಳಿಗೆ ನಗುವೂ ಬಂತು, ಮನಸ್ಸೂ ಚುರುಕ್ಕೆಂದಿತು. ಸೀಟಿನ ಹಿಂಬದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕೊನೆಗೊಂದು ದಿನ ಬಿಟ್ಟಳು. ಅಮ್ಮನಿಗೆ ಗೊತ್ತಾಗಲಿಲ್ಲ, ಬಯಲಿನ ಆ ತುದಿಯವರೆಗೂ ಮಗಳನ್ನು ಬೈಯುತ್ತಲೇ ಹೋದಳು.

ಮರುದಿನ ಬಿಸಿಲು ಚೆನ್ನಾಗಿತ್ತು. ಅಮ್ಮ ಸೇತುವೆ ದಾಟಿದಳು, ಮಗಳು ಹಿಂದೆ ಏದುಸಿರು ಬಿಡುತ್ತ ಓಡಿದಳು. ದೊಡ್ಡಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಹಣೆಗೆ ಕೈ ಅಡ್ಡ ಹಿಡಿದು ಬೀದಿಯತ್ತ ಕತ್ತು ಚಾಚಿದಳು. ಅಮ್ಮ ಬೇಕೆಂದೇ ತುಟಿ ಬಿಚ್ಚಲಿಲ್ಲ.

ದೊಡ್ಡಮ್ಮ ನಿಧಾನಕ್ಕೆ ಎದ್ದು ನಿಂತಳು.

"ಹಸಿರು ಸೈಕಲ್ಲು," ಅಂದಳು. "ಅದರ ಮೇಲೆ... ಏ ಕತ್ತೆ, ಈ ವಯಸ್ಸಲ್ಲಾದ್ರೂ ಬೆನ್ನು ನೆಟ್ಟಗಿಟ್ಕೊಂಡು ಕೂತ್ಕೋಬಾರ್ದೇನೇ?"

ಅಮ್ಮ ಬೆನ್ನು ನೆಟ್ಟಗೆ ಮಾಡಿದಳು. ಎರಡೂ ಬ್ರೇಕು ಒತ್ತಿ, ಅಕ್ಕನ ಮುಂದೆ ಕಾಲೂರಿ ನಿಂತಳು.