ಬೈರನ ಅಂಗಿ

“ಲೇ ಲಕ್ಕಿ, ಅತ್ಲಾಗೆ ನಿಂತ್ಕೊಳ್ಳೇ ಬೋಳಿ. ನಿನ್ ಮೈಮ್ಯಾಗ್ಳ ಗಾಳಿ ನಮ್ ಸೊಪ್ಪಿಗೆ ತಾಕ್ತದೆ.”

ತಿಮ್ಮಪ್ಪಗೌಡರು ಕೈತೋಟದ ಬೇಲಿಯೊಳಗೆ ದಂಟಿನ ಸೊಪ್ಪು ಕೀಳುತ್ತಿದ್ದರು. ನಾನು ಹೊರಗೆ, ಬೆನ್ನ ಮೇಲೆ ಔಷಧಿ ಕ್ಯಾನು ಹೊತ್ತು ನಿಂತಿದ್ದೆ. ಹಿಂದಕ್ಕೆ ಸರಿದೆ. ಮೊದಲೆಲ್ಲ ನಮ್ಮನ್ನು ದೂರ ನಿಲ್ಲಿಸಲು ಜಾತಿಯೊಂದೇ ಸಾಕಾಗುತ್ತಿತ್ತು. ಈಗ ಗೌಡರಿಗೆ ಆರೋಗ್ಯದ ಕಾಳಜಿಯೂ ಬಂದಿದೆ.

ಹಾಸನದ ಡಾಕ್ಟರು ಏನು ಹೇಳಿದರೋ, ಸೊಸೆ ಅನುಶ್ರೀ ಬಸುರಿಯಾದ ಮೇಲೆ ಮನೆಯ ಊಟಕ್ಕೆಂದೇ ಈ ತೋಟ ಮಾಡಿದರು. ಇಲ್ಲಿ ಸಗಣಿ ಗೊಬ್ಬರ, ತೊಟ್ಟಿಯ ತಿಳಿನೀರು. ಎರೆಹುಳು ಸತ್ತರೂ ಗೌಡರು ಮರುಗುತ್ತಾರೆ. ಬೇಲಿಯಾಚೆ ಮಾರುವ ಶುಂಠಿಗೆ ಮಾತ್ರ ನಾವು ವಾರವಾರವೂ ವಿಷ ಹೊಡೆಯಬೇಕು. ಮೊದಲು ಹೊಡೆಯುತ್ತಿದ್ದವನು ನನ್ನ ಗಂಡ ಬೈರ. ಈ ಮುಂಗಾರಿನಲ್ಲಿ ಶುಂಠಿ ಪಾತಿಯ ನಡುವೆ ನೊರೆ ಕಕ್ಕಿಕೊಂಡು ಬಿದ್ದ. ಕುಡಿದು ಸತ್ತ ಅಂದರು. ಬೈರ ಕುಡಿಯುತ್ತಿರಲಿಲ್ಲ.

ಅವನ ಅಂಗಿಯನ್ನೇ ಸೀರೆಯ ಮೇಲೆ ತೊಟ್ಟು ನಾನು ಕ್ಯಾನು ಹೊತ್ತೆ. ಬಿಡೋಣವೆಂದರೆ ನಾವಿರುವ ಗುಡಿಸಲೂ ಗೌಡರ ಜಾಗದ್ದು. ಎಷ್ಟು ಒಗೆದರೂ ಅಂಗಿಯ ವಾಸನೆ ಹೋಗಿಲ್ಲ. ಪಂಪಿನ ಹಿಡಿ ಒತ್ತಿದಾಗಲೆಲ್ಲ ಹಿಂದೆ ಯಾರೋ ಕೆಮ್ಮುತ್ತಾರೆ. ತಿರುಗಿದರೆ ಶುಂಠಿ ಎಲೆ ಅಲ್ಲಾಡುತ್ತಿರುತ್ತದೆ, ಅಷ್ಟೆ. ನನಗೆ ಬೈರನ ಭಯವಿಲ್ಲ. ಅವನು ನಮ್ಮ ಮಗುವನ್ನು ಕರೆದೊಯ್ಯಲು ಬರುತ್ತಿದ್ದಾನೇನೋ ಎಂಬ ಭಯ.

ಮಗು ಕುಡಿದ ಹಾಲನ್ನೆಲ್ಲ ಕಕ್ಕಿ ಸೊರಗುತ್ತಿದೆ. ಆಶಾ ಕಾರ್ಯಕರ್ತೆ ಸುವರ್ಣಮ್ಮ ನೋಡಿ ಗದರಿದ್ದಳು. “ಔಸ್ತಿ ಮೈಯಾಗೆ ಎದೆ ಕೊಡಬ್ಯಾಡ ಕಣೇ. ಅಂಗಿ ಬಿಚ್ಚಾಕಿ, ಒಳ್ಳೆ ನೀರ್ನಾಗೆ ಸೋಪಾಕಿ ತೊಳ್ಕಂಡು ಆಮ್ಯಾಲೆ ಎತ್ಕೊ.”

ಒಳ್ಳೆ ನೀರು ಎಲ್ಲಿಂದ ತರಲಿ? ಹೊಲದಲ್ಲಿ ನಮಗೆಂದು ಇರುವುದು ಕ್ಯಾನು ತೊಳೆಯುವ ಗುಂಡಿ. ಅದರಲ್ಲಿ ಕಪ್ಪೆಯೂ ಬದುಕುವುದಿಲ್ಲ.

ಅಷ್ಟರಲ್ಲಿ ಅತ್ತೆ ಮಗುವನ್ನು ಎತ್ತಿಕೊಂಡು ಬಂದಳು. ಹಸಿವಿಗೆ ಅತ್ತು ಅತ್ತು ಅದರ ದನಿ ಬತ್ತಿಹೋಗಿತ್ತು.

“ಗೌಡ್ರೆ, ಒಂದ್ ಬಕೀಟ್ ನೀರ್ ಕೊಡಿ. ಮೈ ತೊಳ್ಕಂಡು ಮಗೀಗೆ ಆಲು ಕೊಡ್ತೀನಿ.”

“ಬಕೀಟ್ ಮುಟ್ಟೀಯಾ? ಅದ್ರಾಗೇ ಸೊಪ್ ತೊಳೆಯಾದು. ಗುಂಡಿ ಐತಲ್ಲ, ಓಗು.”

“ಅದು ವಿಸ ಗೌಡ್ರೆ.”

“ನಿಮ್ಗೆ ಅದು ಒಗ್ಗೋಗೈತೆ. ಬಸ್ರಿ ಇರೋ ಮನೆ ಕಣೇ ನಮ್ದು.”

ಹಿಂದೆ ಕೆಮ್ಮು ಕೇಳಿಸಿತು. ಈ ಸಲ ಮಗುವೂ ತಲೆ ತಿರುಗಿಸಿ ಆ ಕಡೆ ನೋಡಿತು. ನೋಡಿ ನಕ್ಕಿತು.

ಬೈರ ಕರೆದೊಯ್ಯಲು ಬಂದೇಬಿಟ್ಟ ಅಂದುಕೊಂಡೆ. ಕ್ಯಾನು ಇಳಿಸಿ, ಗೇಟು ತಳ್ಳಿ ಒಳಗೆ ನುಗ್ಗಿದೆ. “ಬ್ಯಾಡ ಕಣವ್ವಾ,” ಅನ್ನುತ್ತಲೇ ಅತ್ತೆ ನನ್ನ ಹಿಂದೆ ಬಂದಳು. ನಾನು ಹತ್ತಿರವಾದಷ್ಟೂ ಗೌಡರು ಪಂಚೆ ಎತ್ತಿ ಹಿಂದಕ್ಕೆ ಹಿಂದಕ್ಕೆ ಸರಿದರು. ನನ್ನನ್ನು ಬಳಸಿಕೊಂಡು ಹೋಗಿ ಗೇಟಿನಿಂದ ಆಚೆ ಓಡಿದರು. ನಾನು ಗೇಟು ಹಾಕಿ, ಬೈರನ ಅಂಗಿ ಬಿಚ್ಚಿ ಅದರ ಮೇಲೆ ನೇತುಹಾಕಿದೆ.

“ಯಾವನ್ಲಾ ಅಲ್ಲಿ? ಬಂದು ಎಳ್ದಾಕ್ರೋ ಇವ್ಳ,” ಎಂದು ಗೌಡರು ಅರಚಿದರು.

ಶುಂಠಿ ಹೊಲದಿಂದ, ನನ್ನ ಜೊತೆ ಔಷಧಿ ಹೊಡೆಯುವ ಚಲುವಯ್ಯನೂ ಉಳಿದವರೂ ಕ್ಯಾನು ಹೊತ್ತೇ ಬಂದು ಬೇಲಿಯ ಪಕ್ಕ ನಿಂತರು.

“ನಾವ್ ಒಳೀಕ್ ಬರಂಗಿಲ್ವಲ್ಲ ಗೌಡ್ರೆ,” ಅಂದ ಚಲುವಯ್ಯ. “ಮೈಯಾಗೆ ಔಸ್ತಿ ಐತೆ.”

ತಾವೇ ಬರಲು ಗೌಡರು ಗೇಟಿಗೆ ಕೈ ಚಾಚಿದರು. ಅಂಗಿ ಕಂಡು ಕೈ ಎಳೆದುಕೊಂಡರು.

ನಾನು ತೊಟ್ಟಿಯಿಂದ ಬಕೀಟು ಬಕೀಟು ನೀರು ಮೊಗೆದು, ಅಲ್ಲೇ ಇದ್ದ ಸೋಪು ಹಚ್ಚಿ ಕೈ, ಕತ್ತು, ಎದೆ ಉಜ್ಜಿದೆ. ನೊರೆ ದಂಟಿನ ಪಾತಿಗೆ ಹರಿಯಿತು. ಹರಿಯಲಿ ಅಂದುಕೊಂಡೆ. ಆಮೇಲೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಮಗುವನ್ನು ಎದೆಗೆ ಹಾಕಿಕೊಂಡೆ.

ಮಗು ಕುಡಿಯಿತು. ಕುಡಿಯುತ್ತಲೇ ಕಣ್ಣನ್ನು ಮಾತ್ರ ಗೇಟಿನ ಮೇಲೆ ನೆಟ್ಟಿತ್ತು. ಗಾಳಿಯೇ ಇರಲಿಲ್ಲ, ಅಂಗಿಯ ತೋಳು ಅಲ್ಲಾಡುತ್ತಿತ್ತು. ಅದರಾಚೆ ಗೌಡರ ಮುಖ.

“ಅಲ್ಲೇ ಇರು,” ಅಂದೆ, ಇಬ್ಬರಿಗೂ.