ಸುಧಾರಿಸಿಕೊಳ್ಳುವ ಹೊತ್ತು

ಅಂಜನಾ ಬಾನೆಟ್ಟಿನೊಳಗೆ ಬಾಗಿ ಬೋಲ್ಟನ್ನು ಬೆರಳಲ್ಲೇ ತಿರುಗಿಸುತ್ತಿದ್ದಾಗ ಚಿಕ್ಕಪ್ಪ ಶಿವರಾಜ್ ಹಿಂದೆ ಬಂದು ನಿಂತರು.

"ಏನಮ್ಮಾ ಇದು? ಒಳಗೆ ಅಣ್ಣನ್ನ ಕೂರ್ಸಿದೀವಿ, ಜನ ಬಂದು ಹಾರ ಹಾಕ್ತಿದಾರೆ. ನೀನಿಲ್ಲಿ ಗ್ಯಾರೇಜ್ ತೆಗ್ದಿದೀಯ?"

"ಇದೊಂದೇ ಪೈಪ್ ಚಿಕ್ಕಪ್ಪ."

"ಕ್ಯಾಬ್ ಬುಕ್ ಮಾಡ್ತೀನಿ ಬಿಡು."

"ಅಮ್ಮ ಅಪ್ಪನ ಕಾರಲ್ಲೇ ರುದ್ರಭೂಮಿಗೆ ಬರೋದು ಅಂತ ಕೂತಿದಾಳೆ. ನೀವೇ ಹೋಗಿ ಹೇಳಿ ನೋಡೋಣ."

ಅತ್ತಿಗೆಗೆ ಹೇಳುವ ಧೈರ್ಯ ಶಿವರಾಜರಿಗೆ ಯಾವತ್ತೂ ಇರಲಿಲ್ಲ. ಅಲ್ಲೇ ನಿಂತರು.

ಕುಮಾರಸ್ವಾಮಿ ಲೇಔಟಿನ ಆ ಮನೆಯ ಹಾಲಿನಲ್ಲಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಸೋಮಲಿಂಗಪ್ಪ ಗೋಡೆಗೊರಗಿ ಕೂತಿದ್ದರು. ಸಾರಕ್ಕಿಯಲ್ಲಿ ಪೇಂಟ್ ಅಂಗಡಿ ನಡೆಸಿದ ಮನುಷ್ಯ, ಬದುಕಿದ್ದಾಗ ಇಷ್ಟು ಹೊತ್ತು ಒಂದೇ ಕಡೆ ಕೂತವರಲ್ಲ. ಭಾನುವಾರ ಕಾರಿನಲ್ಲಿ ಎಣ್ಣೆ ಜಿನುಗುತ್ತಿದೆಯೆಂದು ಟರ್ಬೋದ ಎಣ್ಣೆ ಪೈಪು ಬಿಚ್ಚಿ, ಹೊಸ ವಾಷರ್ ತಂದಿಟ್ಟು, "ನಾಳೆ ನೀನೇ ಹಾಕು, ನಾನು ಕೈಕಟ್ಕೊಂಡು ನೋಡ್ತೀನಿ" ಎಂದು ಮಗಳಿಗೆ ಹೇಳಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ಟರ್ಬೋ ಅಂದರೆ ಎಂಜಿನ್ನಿಗೆ ಗಾಳಿ ಊದುವ ಪುಟ್ಟ ಚಕ್ರ. ಎಣ್ಣೆಯಿಲ್ಲದೆ ತಿರುಗಿತೋ, ಸುಟ್ಟೇಹೋಗುತ್ತದೆ. ಅಪ್ಪನಿಲ್ಲದೆ ಅವಳು ಅದಕ್ಕೆ ಕೈಹಾಕಿದ್ದು ಇದೇ ಮೊದಲು. ಕೆಡಿಸಿದರೆ ಅಪ್ಪನ ಕಾರೂ ಅಪ್ಪನ ಹಿಂದೆಯೇ ಹೋದಂತೆ.

ಬೋಲ್ಟು ಬಿಗಿದು ಮುಗಿಸಿದಳು. ಚಿಕ್ಕಪ್ಪ ಸೀಟಿನಲ್ಲಿ ಕೂತು ಕೀಗೆ ಕೈಹಾಕಿದರು.

"ಸ್ಟಾರ್ಟ್ ಮಾಡ್ಲಾ?"

"ಬೇಡ! ಬೇಡ ಚಿಕ್ಕಪ್ಪ! ಎಣ್ಣೆ ಮರ್ತೇಬಿಟ್ಟೆ!"

ದೀಪಕ್ಕೆ ಮೊದಲು ಎಣ್ಣೆ, ಆಮೇಲೆ ಬೆಂಕಿ. ಅಪ್ಪ ನೂರು ಸಲ ಹೇಳಿದ ಮಾತು. ಬಿಗಿದದ್ದನ್ನು ಮತ್ತೆ ಬಿಚ್ಚಿ, ಸಿರಿಂಜಿನಿಂದ ಟರ್ಬೋದ ಬಾಯಿಗೆ ಎಣ್ಣೆ ತುಂಬಿದಳು. ಎರಡೂ ಕಡೆ ತಾಮ್ರದ ವಾಷರ್ ಕೂರಿಸಿ ಬೋಲ್ಟು ಬಿಗಿದಳು. ಎಂಜಿನ್ ಹತ್ತಿಕೊಳ್ಳದಂತೆ ಡೀಸೆಲ್ಲಿನ ವೈರ್ ಕಳಚಿ, "ಈಗ ಬರೀ ಸೆಲ್ಫ್ ಹೊಡೀರಿ, ಎಣ್ಣೆ ಮೇಲೆ ಬರ್ಲಿ" ಎಂದಳು.

*

ಆ ಕಾರಿನಲ್ಲಿ ಕೂತವರಿಗೆಲ್ಲ ಒಂದು ಶಿಕ್ಷೆಯಿತ್ತು. ಊರು ಸುತ್ತಿ ಮನೆ ಮುಂದೆ ಬಂದು ನಿಂತರೂ ಸೋಮಲಿಂಗಪ್ಪ ಎಂಜಿನ್ ಆರಿಸುತ್ತಿರಲಿಲ್ಲ. "ಟರ್ಬೋ ಓಡಿ ಬಂದಿದೆ, ಸುಧಾರಿಸ್ಕೊಳ್ಳಲಿ" ಎಂದು ಎಲ್ಲರನ್ನೂ ಕೂರಿಸಿಕೊಂಡಿರುತ್ತಿದ್ದರು. ಶಿವರಾಜ್ ಮಾತ್ರ ಬಾಗಿಲು ತೆಗೆದು ಜಿಗಿಯುತ್ತಿದ್ದರು. ಉಳಿದವರು ಮಾಡಲು ಬೇರೆ ಕೆಲಸವಿಲ್ಲದೆ, ಮನೆಯೊಳಗೆ ಆಡಲಾಗದ ಮಾತನ್ನೆಲ್ಲ ಅಲ್ಲಿ ಆಡುತ್ತಿದ್ದರು.

ಗಂಡನ ಮನೆಯಿಂದ ಬಂದ ದಿನ ಅಂಜನಾ ಹೇಳಿದ್ದೂ ಅಲ್ಲೇ.

"ಅಪ್ಪ, ನಾನು ವಾಪಸ್ ಹೋಗಲ್ಲ."

ಎಂಜಿನ್ ಗುರುಗುಟ್ಟುತ್ತಿತ್ತು.

"ಸರಿ ಮಗ. ನಾಳೆ ಆಯಿಲ್ ಚೇಂಜ್ ಮಾಡ್ಬೇಕು. ಹಳೇ ಬಟ್ಟೆ ಹಾಕ್ಕೊಂಡ್ ಬಾ."

ಅಷ್ಟೇ. ಮತ್ತೆ ಯಾರೂ ಅವಳನ್ನು ಯಾಕೆ ಎಂದು ಕೇಳದಂತೆ ನೋಡಿಕೊಂಡರು.

*

ಎರಡು ಸಲ ಸೆಲ್ಫ್ ಹೊಡೆದ ಮೇಲೆ ಎಣ್ಣೆಯ ಕೆಂಪು ದೀಪ ಆರಿತು. ವೈರ್ ಸಿಕ್ಕಿಸಿ, ಚಿಕ್ಕಪ್ಪನನ್ನು ಇಳಿಸಿ ತಾನೇ ಕೀ ತಿರುಗಿಸಿದಳು. ಎಂಜಿನ್ ಕೆಮ್ಮಿ, ಹಿಡಿದುಕೊಂಡಿತು. ಇಳಿದು ಬಂದು ಪೈಪಿನ ಸುತ್ತ ಬೆರಳಾಡಿಸಿದಳು. ಒಣಗಿತ್ತು. ಆಗ ಮಾತ್ರ ಅವಳಿಗೆ ಜೋರಾಗಿ ಅಳು ಬಂತು. ಅಂಗಳದಲ್ಲಿದ್ದ ಹೆಂಗಸರು, ಪಾಪ, ಈಗಾದರೂ ಅತ್ತಳಲ್ಲ ಎಂದುಕೊಂಡರು.

ಹೂವಿನ ವಾಹನದ ಹಿಂದೆಯೇ ಅಪ್ಪನ ಕಾರು ಹೋಯಿತು. ಗುಂಡಿಯೊಳಗೆ ಕೂರಿಸಿದ ಗಂಡನ ಮೇಲೆ ಉಮಾಮಹೇಶ್ವರಿ ಬಿಲ್ವಪತ್ರೆ ಹಾಕಿದರು. ಅಂಜನಾ ಹಾಕುವಾಗ ಅವಳ ಉಗುರಿನ ಕಪ್ಪು ಎಲ್ಲರಿಗೂ ಕಂಡಿತು.

ಸಂಜೆ ಅಂಜನಾ ಮನೆ ಮುಂದೆ ಕಾರು ತಂದು ನಿಲ್ಲಿಸಿದಳು. ಪಕ್ಕದ ಸೀಟಿನಲ್ಲಿದ್ದ ಶಿವರಾಜರ ಕೈ ಅಭ್ಯಾಸಬಲದಿಂದ ಬಾಗಿಲಿಗೆ ಹೋಯಿತು. ಹೋದದ್ದು ಹಾಗೆಯೇ ಹಿಂದೆ ಬಂತು.

"ಸುಧಾರಿಸ್ಕೊಳ್ಳಲಿ" ಎಂದರು, ಮುಂದಿನ ಗಾಜು ನೋಡುತ್ತ.

ಎಂಜಿನ್ ನಡೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಉಮಾಮಹೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಅಂಜೂ."

"ಏನಮ್ಮ?"

"ನಂಗೂ ಡ್ರೈವಿಂಗ್ ಹೇಳ್ಕೊಡ್ತೀಯ? ಅವ್ರನ್ನ ಕೇಳ್ಬೇಕು ಅಂತಿದ್ದೆ. ಕೇಳೋಷ್ಟ್ರಲ್ಲಿ ಯಾವಾಗ್ಲೂ ಎಂಜಿನ್ ಆರಿಸ್ಬಿಡ್ತಿದ್ರು."

ಆರಿಸಲೆಂದು ಕೀ ಮೇಲಿಟ್ಟಿದ್ದ ಕೈಯನ್ನು ಅಂಜನಾ ತೆಗೆದು ಮಡಿಲಲ್ಲಿಟ್ಟುಕೊಂಡಳು.