ಬಲಗಡೆಯ ಸೀಟು

ಹಬೆಸ್ನಾನದ ಸೌನಾ ಕೋಣೆಯ ಪಕ್ಕದ ಶೆಡ್ಡಿನಲ್ಲಿ ಹಳೇ ಕಾರಿಗೆ ಹೊಸ ಸ್ಪ್ರಿಂಗುಗಳನ್ನು ನಾನೇ ಕೂರಿಸಿದೆ. ಕಾರಿನ ಎತ್ತರ ಹೊಂದಿಸುವಾಗ ಸೀಟುಗಳಲ್ಲಿ ಕೂರುವವರಷ್ಟೇ ಭಾರ ಇರಬೇಕು. ಎಡಗಡೆ, ಸ್ಟೀರಿಂಗ್ ಇರುವ ನನ್ನ ಸೀಟಿಗೆ ಮರಳಿನ ಚೀಲಗಳು. ಬಲಗಡೆ ಹಿಂದೆಲ್ಲ ಪ್ರತಿ ಸಲವೂ ಹೆಂಡತಿ ಐಲಿ ಹೆಣಿಗೆ ಹಿಡಿದು ಕೂರುತ್ತಿದ್ದಳು. "ನನ್ನ ಕಟ್ಕೊಂಡಿದ್ದು ತೂಕದ ಕಲ್ಲು ಬೇಕು ಅಂತಾನಾ?" ಎಂದು ರೇಗುತ್ತಿದ್ದಳು.

ಅವಳನ್ನು ಮಣ್ಣು ಮಾಡಿ ಮೂರು ವಾರವಾಗಿತ್ತು. ಪಕ್ಕದ ಮನೆಯ ಓಸ್ಮೊ ಎರಡು ಮೂಟೆ ಆಲೂಗಡ್ಡೆ ತಂದು ಆ ಸೀಟಿನಲ್ಲಿಟ್ಟ.

"ಅರವತ್ತು ಕೆಜಿ ಇದೆ ಕಣೋ. ಸರಿಹೋಗುತ್ತೆ."

"ಯಾಕೆ, ಆಲೂಗಡ್ಡೆನ ಊರು ಸುತ್ತಿಸ್ಬೇಕಾ? ತೆಗಿಯೋ."

ಅವನು ಮೂಟೆಗಳನ್ನು ಇಳಿಸಿದ. ಚಕ್ರದ ಮೇಲೆ ಅಳತೆ ಟೇಪು ಹಿಡಿದೆ. ಬಲಗಡೆ ಎಡಗಡೆಗಿಂತ ಎಂಟು ಮಿಲಿಮೀಟರ್ ಮೇಲೆದ್ದಿತ್ತು. ಜಾಕ್ ಏರಿಸಿ, ಸ್ಪ್ರಿಂಗಿನ ಎತ್ತರ ಹೊಂದಿಸುವ ಬಳೆ ತಿರುಗಿಸಿ, ಆ ಬದಿಯನ್ನೂ ಇಳಿಸಿದೆ. ಈಗ ನಾನೊಬ್ಬನೇ ಕೂತರೆ ಕಾರು ಸಮನಾಗಿ ನಿಲ್ಲುತ್ತದೆ.